ಇರುವೆಗೆ ಹಾಕಿದ ಸಕ್ಕರೆ

ಹಿಟ್ಟುತಿಗಣೆಯ ಮೇಲೆ ನನಗೆ ಸಿಟ್ಟಿಲ್ಲ. ಅದು ಹುಳ, ಗಿಡದ ರಸ ಹೀರುವುದು ಅದರ ಹುಟ್ಟುಗುಣ. ನನ್ನ ಸಿಟ್ಟೆಲ್ಲ ನಮ್ಮ ಅತ್ತೆಯವರ ಮೇಲೆ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು, ಸಿಟ್ಟು ಮಾತ್ರ ಇಳಿದಿಲ್ಲ.

ನನ್ನ ತವರು ದೇವನಹಳ್ಳಿ. ಹಿತ್ತಲಲ್ಲಿ ಅಮ್ಮ ಬೆಳೆಸಿದ ಚಕ್ಕೋತದ ಮರವಿತ್ತು. ಸಾಯುವ ಹಿಂದಿನ ಮಳೆಗಾಲದಲ್ಲಿ ಅಮ್ಮ ಅದರ ಒಂದು ರೆಂಬೆಯ ತೊಗಟೆ ಸುಲಿದು, ಮಣ್ಣು ಮೆತ್ತಿ, ಗೋಣಿಯ ತುಂಡು ಸುತ್ತಿ ಗೂಟಿ ಕಟ್ಟಿದ್ದಳು. ಬೇರು ಬಿಟ್ಟ ಮೇಲೆ ಕತ್ತರಿಸಿ, ಕುಂಡದಲ್ಲಿ ನೆಟ್ಟು, ನನ್ನ ಜೊತೆ ಗಂಡನ ಮನೆಗೆ, ಸೂಲಿಬೆಲೆಗೆ ಕಳಿಸಿದಳು. ಅವಳು ಹೋದ ಮೇಲೆ ಅಣ್ಣ ಕೊಟ್ಟಿಗೆ ಕಟ್ಟಿಸಲು ಆ ಮರವನ್ನೇ ಕಡಿಸಿಹಾಕಿದ. ಅಮ್ಮನ ಕೈ ಮುಟ್ಟಿದ್ದು ಎಂದು ನನಗೆ ಉಳಿದದ್ದು ಆ ಕುಂಡವೊಂದೇ.

ಯುದ್ಧದ ಕಾಲ. ಒಂದು ಬೇಸಿಗೆಯಲ್ಲಿ ಅದರ ಎಲೆ ಮುದುಡತೊಡಗಿತು. ತಿರುಗಿಸಿ ನೋಡಿದರೆ ಎಲೆಯ ಅಡಿಯಲ್ಲಿ, ತೊಟ್ಟಿನ ಸಂದಿಯಲ್ಲಿ, ಹತ್ತಿ ಹಿಂಜಿ ಅಂಟಿಸಿದ ಹಾಗೆ ಬಿಳಿ. ಒಲೆಯ ಬೂದಿ ಹಾರಿ ಕೂತಿದೆ ಎಂದರು ಮನೆಯವರು. ಬೂದಿಯಾದರೆ ಊದಿದಾಗ ಹಾರಬೇಕು, ಇದು ಅಲ್ಲಾಡಲಿಲ್ಲ. ಕಡ್ಡಿಯಿಂದ ಒತ್ತಿದೆ, ಕೆಂಪಗೆ ರಸ ಬಂತು. ಹಿಟ್ಟುತಿಗಣೆಯೇ. ಕೆಳಗಿನ ಎಲೆಗಳೆಲ್ಲ ಅಂಟಂಟು, ಅಂಟಿನ ಮೇಲೆ ಮಸಿ.

ಸೀಮೆಎಣ್ಣೆ ದೀಪಕ್ಕೇ ಸಾಲದ ದಿನಗಳು, ಗಿಡಕ್ಕೆ ಎಲ್ಲಿಂದ ತರಲಿ? ಅಂಟುವಾಳದ ನೊರೆಯಲ್ಲಿ ಬಟ್ಟೆ ಅದ್ದಿ ಒಂದೊಂದೇ ಎಲೆ ಒರೆಸಿದೆ. ಹೊಗೆಸೊಪ್ಪಿನ ಕಡ್ಡಿ ನೆನೆಹಾಕಿ ಆ ನೀರು ಚಿಮುಕಿಸಿದೆ. ತೀರಾ ಕೆಟ್ಟ ಕುಡಿಗಳನ್ನು ಚಿವುಟಿ ಸುಟ್ಟೆ. ಕೆಲವೇ ದಿನಕ್ಕೆ ಮತ್ತೆ ಬಿಳಿ. ಯಾಕೆಂದು ಕೂತು ನೋಡಿದಾಗ ಗೊತ್ತಾಯಿತು. ಕಪ್ಪಿರುವೆಗಳ ಸಾಲೊಂದು ಕುಂಡ ಹತ್ತುತ್ತಿತ್ತು. ಮರಿಹುಳಗಳನ್ನು ಬಾಯಲ್ಲಿ ಕಚ್ಚಿ ತಂದು ಹೊಸ ಚಿಗುರಿನ ಮೇಲೆ ಬಿಡುತ್ತಿದ್ದವು. ಹುಳ ಸೋರಿಸುವ ಸಿಹಿಗಾಗಿ ಇರುವೆಗಳು ಅದನ್ನು ಹಸು ಸಾಕಿದ ಹಾಗೆ ಸಾಕುತ್ತಿದ್ದವು.

ಆ ಇರುವೆಗಳನ್ನು ಸಾಕುತ್ತಿದ್ದವರು ನಮ್ಮ ಅತ್ತೆ.

ಮಗನಿಗೆ ಶನಿಕಾಟವಿದೆ ಎಂದು ಜೋಯಿಸರು ಹೇಳಿದ್ದೇ ತಡ, ಶನಿವಾರ ಶನಿವಾರ ಇರುವೆಗೂಡಿಗೆ ರವೆ ಸಕ್ಕರೆ ಹಾಕುವ ವ್ರತ ಹಿಡಿದಿದ್ದರು. ಗೂಡಿದ್ದದ್ದು ನನ್ನ ಕುಂಡದ ಮಗ್ಗುಲಲ್ಲೇ. ರೇಷನ್ನಿನಲ್ಲಿ ಸಿಗುತ್ತಿದ್ದ ಚೂರು ಸಕ್ಕರೆಯೂ ಅಲ್ಲಿಗೇ, ಮನೆಮಂದಿಗೆ ಬೆಲ್ಲದ ಕಾಫಿ. ಶನಿ ಹಿಡಿದಿದ್ದ ನನ್ನ ಗಂಡನಿಗೋ ಒಂದು ನೆಗಡಿಯೂ ಇರಲಿಲ್ಲ!

“ಅತ್ತೆ, ಬೇಲಿ ಹತ್ರ ಇನ್ನೊಂದು ಗೂಡೈತೆ, ಅಲ್ಲಿಗೆ ಹಾಕ್ಬಾರ್ದಾ?” ಎಂದೆ.

“ಹಿಡ್ದ ಗೂಡು ಬಿಟ್ರೆ ವ್ರತ ಕೆಡ್ತದೆ ಕಣೇ. ನಿಂಗೆ ಗಿಡ ಹೆಚ್ಚೋ, ಗಂಡ ಹೆಚ್ಚೋ?”

ಕುಂಡವನ್ನೇ ಎತ್ತಿ ಬೇರೆ ಕಡೆ ಇಟ್ಟೆ.

ಕುಂಡ ಎಲ್ಲಿಗೆ ಸರಿಸಿದರೂ ಇರುವೆ ಬೆನ್ನು ಹತ್ತಿ ಬರುತ್ತಿತ್ತು. ಕೊನೆಗೆ, ಹಾಲು ಮೊಸರಿಡುವ ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಡುತ್ತೇವಲ್ಲ, ಅದು ಹೊಳೆಯಿತು. ದನಕ್ಕೆ ಕಲಗಚ್ಚು ಹಾಕುತ್ತಿದ್ದ ಹಳೆಯ ಕಲ್ಲುಬಾನಿಗೆ ನೀರು ತುಂಬಿ, ನಡುವೆ ಕಲ್ಲಿಟ್ಟು, ಅದರ ಮೇಲೆ ಕುಂಡ ಕೂರಿಸಿದೆ. ಗಿಡವನ್ನು ಮತ್ತೊಮ್ಮೆ ಒರೆಸಿದೆ. ಈ ಸಲ ಹುಳ ಬರಲಿಲ್ಲ. ಹೊಸ ಕುಡಿ ಬಂತು. ಎಲೆ ತಿಕ್ಕಿ ಮೂಸಿದರೆ ನಮ್ಮ ಹಿತ್ತಲಿನ ವಾಸನೆ. ಯಾರೂ ನೋಡದ ಹಾಗೆ ಅತ್ತುಬಿಟ್ಟೆ.

ಆಮೇಲೆ ತಂಗಿಯ ಬಾಣಂತನಕ್ಕೆಂದು ಹೊಸಕೋಟೆಗೆ ಹೋಗಬೇಕಾಯಿತು. ಬಾನಿಗೆ ನೀರು ತುಂಬುತ್ತಿರಿ ಎಂದು ಅತ್ತೆಗೆ ಕೈಮುಗಿದು ಹೇಳಿ ಹೋಗಿದ್ದೆ. ತಿರುಗಿ ಬಂದಾಗ ನೀರೇನೋ ತುಂಬಿತ್ತು. ಬಾನಿಯ ಅಂಚಿನಿಂದ ಕುಂಡಕ್ಕೆ ಒಂದು ಪುರಲೆ ಕಡ್ಡಿ ಅಡ್ಡ ಇಟ್ಟಿತ್ತು. ಅದರ ಮೇಲೆ ಇರುವೆಗಳ ಮೆರವಣಿಗೆ. ಗಿಡ ಬುಡದಿಂದ ತುದಿಯವರೆಗೆ ಬಿಳಿಯಾಗಿ, ಎಲೆಯೆಲ್ಲ ಉದುರಿ, ಒಣಗಿ ನಿಂತಿತ್ತು.

“ಪಾಪ, ಮೂಕಜೀವಗಳು ನೀರಿಗೆ ಬಿದ್ದು ಸಾಯ್ತಿದ್ವು. ಅದಕ್ಕೇ ದಾರಿ ಮಾಡ್ಕೊಟ್ಟೆ” ಎಂದರು ಅತ್ತೆ.

“ಹೋಗ್ಲಿ ಬಿಡು, ಸಂತೇಲಿ ಇನ್ನೊಂದು ಗಿಡ ತಂದ್ಕೊಡ್ತೀನಿ” ಎಂದರು ಗಂಡ. ಸಂತೆಯಲ್ಲಿ ಅಮ್ಮ ಸಿಗುತ್ತಾಳೆಯೇ?

ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಅತ್ತೆ ಆ ಒಣಕಡ್ಡಿಗೆ ಕುಂಕುಮ ಇಟ್ಟು ಕೈಮುಗಿಯುತ್ತಿದ್ದಾರೆ. “ನನ್ನ ಮಗನ ಪೀಡೆಯೆಲ್ಲ ನೀನೇ ಹೊತ್ಕೊಂಡು ಹೋದ್ಯಲ್ಲ ತಾಯಿ.”

ಮೈಯೆಲ್ಲ ಉರಿದುಹೋಯಿತು. “ನಿಮ್ಮ ಮಗ ಉಳಿದ್ರು ಅತ್ತೆ. ನಮ್ಮಮ್ಮ ಹೋದ್ಲು” ಎಂದೆ. ಆ ಮನೆಯಲ್ಲಿ ಹಾಗೆ ದನಿ ಎತ್ತಿದ್ದು ಅದೇ ಮೊದಲು.

ಹುಳ ಹತ್ತಿ ಸತ್ತ ಗಿಡವನ್ನು ಇಡಬಾರದು. ಕಿತ್ತೆ. ಕುಂಕುಮದ ಸಮೇತ ಮುರಿದು ಒಲೆಗೆ ಹಾಕಿದೆ, ಆ ಪುರಲೆಯನ್ನೂ ಹಾಕಿದೆ. ಅದೇ ಬೆಂಕಿಯಲ್ಲಿ ಕಾಫಿ ಕಾಸಿ ಅತ್ತೆಗೆ ಕೊಟ್ಟೆ.

ಒಂದು ಗುಟುಕು ಕುಡಿದು ಮುಖ ಕಿವುಚಿದರು. “ಸಿಹೀನೇ ಇಲ್ವಲ್ಲೇ?”

“ಇರುವೆಗೆ ಹಾಕಿದ್ರಲ್ಲ” ಎಂದೆ.