ಬಾವಿಯಿಲ್ಲದ ಕಲ್ಲು, ಎದುರಾಳಿಯಿಲ್ಲದ ಮೆಂಬರ್

ದೇವದುರ್ಗ ತಾಲ್ಲೂಕಿನ ಒಂದು ಕೇರಿ ಇಂದಿಗೂ ಹಳ್ಳದ ಕೊಳಕು ನೀರನ್ನು ಕುಡಿಯುತ್ತಿದ್ದರೆ ಅದರ ಹೊಣೆಯನ್ನು ನಾನು ನೇರವಾಗಿ ಇಬ್ಬರ ಮೇಲೆ ಹೊರಿಸುತ್ತೇನೆ: ಬಾವಿ ತೋಡಿಸುವೆನೆಂದು ಮಾತು ಕೊಟ್ಟು ಬರಿಯ ಕಲ್ಲು ನೆಟ್ಟು ಹೋದ ಜಿಲ್ಲಾ ಬೋರ್ಡಿನ ಮೆಂಬರ್ ಸಾಹೇಬರ ಮೇಲೆ, ಮತ್ತು ಅವರನ್ನು ಯಾರೂ ಎದುರಿಸದಂತೆ ಕಾಗದಪತ್ರ ನೋಡಿಕೊಂಡ ಅಧಿಕಾರಿಗಳ ಮೇಲೆ. ಮೊದಲಿನವರಿಗೆ ನಾಚಿಕೆಯಿಲ್ಲ. ಎರಡನೆಯವರಿಗೆ ನೆನಪಿಲ್ಲ. ನನಗೆ ಎರಡೂ ಇರುವುದರಿಂದ ಬರೆಯುತ್ತಿದ್ದೇನೆ.

ನನ್ನ ತಂದೆ ಬಹಳ ವರ್ಷ ದೇವದುರ್ಗದಲ್ಲಿ ಕನ್ನಡ ಮಾಸ್ತರರಾಗಿದ್ದರು. ನಿವೃತ್ತಿಯ ನಂತರ ಮಾನ್ವಿಯ ನಮ್ಮ ಹಿರಿಯರ ಮನೆಗೆ ಬಂದು ನೆಲೆಸಿದರು. ಮಸರಕಲ್ ಕಡೆಯ ಒಂದು ಹಳ್ಳಿಯ ಕೂಲಿ ಕೇರಿಯಿಂದ ಒಬ್ಬ ಮುದುಕಿ ವರ್ಷಕ್ಕೊಮ್ಮೆ ಅಷ್ಟು ದೂರ ನಡೆದು ಬಂದು ಅವರ ಕೈಯಲ್ಲಿ ಅರ್ಜಿ ಬರೆಸಿಕೊಂಡು ಹೋಗುತ್ತಿದ್ದಳು. ಅರ್ಜಿಯಲ್ಲಿದ್ದುದು ಒಂದೇ ಬೇಡಿಕೆ, ತಮ್ಮ ಕೇರಿಗೆ ಒಂದು ಬಾವಿ. ಊರ ಬಾವಿಗೆ ಅವರು ಕೊಡ ಇಳಿಸುವಂತಿರಲಿಲ್ಲ. ಹಳ್ಳದ ಒರತೆಯೇ ಗತಿ. ಒಂದು ಬೇಸಿಗೆಯಲ್ಲಿ ಆ ನೀರಿನಿಂದಲೇ ವಾಂತಿಭೇದಿ ಹಬ್ಬಿ ಅವಳ ಹಿರಿಯ ಮಗ ತೀರಿಕೊಂಡಿದ್ದ. ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು ಆಮೇಲೂ ಅದೇ ಒರತೆಯ ನೀರನ್ನು ಸೋಸಿ ಕುಡಿಯುತ್ತಿದ್ದರು. ನಮ್ಮ ಮನೆಯಂಗಳದಲ್ಲಿ ಸಹ ಆಕೆ ಬೊಗಸೆಯೊಡ್ಡಿ, ಮೇಲಿನಿಂದ ಸುರಿದ ನೀರನ್ನೇ ಕುಡಿಯುತ್ತಿದ್ದಳು. ಇದನ್ನು ಮುಚ್ಚಿಟ್ಟು ಬೇರೆಯವರನ್ನು ದೂರುವ ಹಕ್ಕು ನನಗಿಲ್ಲ.

ಅರ್ಜಿಗಳೆಲ್ಲ ಹೋಗಿ ಸೇರುತ್ತಿದ್ದುದು ರಾಯಚೂರಿನ ಮೆಂಬರ್ ಸಾಹೇಬರ ಮೇಜಿನ ಮೇಲೆ. ಅವರಿಗೆ ಹತ್ತಿ ಅರೆಯುವ ಜಿನ್ನು ಗಿರಣಿ ಇತ್ತು, ಎರಡಂತಸ್ತಿನ ಮನೆ ಇತ್ತು, ಕೆಂಪು ತುರ್ಕಿ ಟೋಪಿ ಇತ್ತು. ನಿಜಾಂ ಸರ್ಕಾರ ಅವರನ್ನು ಎರಡು ಸಲ ಬೋರ್ಡಿಗೆ ನೇಮಿಸಿತ್ತು. ಹಳ್ಳಿ ನೋಡಲು ಬಂದ ಅಧಿಕಾರಿಗಳಿಗೆ ಕೋಳಿ, ಅಧಿಕಾರಿಗಳ ಕುದುರೆಗೆ ಹುಲ್ಲು ಒದಗಿಸುವುದರಲ್ಲಿ ಅವರನ್ನು ಮೀರಿಸುವವರು ಜಿಲ್ಲೆಯಲ್ಲಿರಲಿಲ್ಲ. ಇದರ ಹೊರತು ಬೇರೆ ಯೋಗ್ಯತೆ ನನ್ನ ಹುಡುಕಾಟಕ್ಕೆ ಸಿಕ್ಕಿಲ್ಲ. ಆ ಬಳಿಕ ಅದೇ ಸ್ಥಾನವನ್ನು ಚುನಾವಣೆಯಿಂದ ತುಂಬಬೇಕೆಂದು ಹುಕುಂ ಬಂತು. ತೆರಿಗೆ ಕಟ್ಟುವವರಿಗೆ ಮಾತ್ರ ಮತ. ಕೇರಿಯವರ ಹೆಸರು ಪಟ್ಟಿಯಲ್ಲಿ ಬರುವ ಮಾತೇ ಇರಲಿಲ್ಲ.

ಆ ವರ್ಷ ಮುದುಕಿ ಬಂದಾಗ ಅಪ್ಪ ಅರ್ಜಿ ಬರೆಯಲಿಲ್ಲ.

"ಇನ್ನ ಅರ್ಜಿ ಸಾಕವ್ವಾ," ಎಂದರು. "ಈ ಸಲ ನಾನೇ ನಿಂದರ್ತೀನಿ. ಬೋರ್ಡಿನಾಗ ಕೂತು ಕೇಳಿದ್ರ ಹ್ಯಾಂಗ ಇಲ್ಲಂತಾರ ನೋಡೋಣ."

"ನೀವು ನಿಂತ್ರ ಬಾವಿ ಬಿದ್ದಂಗೇ ಬಿಡ್ರೀ ಯಪ್ಪಾ," ಎಂದಳು ಆಕೆ. ಹಾಗೆಂದು ನಂಬಿಯೇ ಹೊರಟು ಹೋದಳು.

ಹೈದರಾಬಾದಿನಲ್ಲಿ ವಿಶ್ವವಿದ್ಯಾಲಯದ ಓದು ಮುಗಿಸಿ ಆಗಷ್ಟೇ ಬಂದಿದ್ದ ನಾನು ಉಮೇದುವಾರಿ ಅರ್ಜಿಯನ್ನು ಉರ್ದುವಿನಲ್ಲಿ ತುಂಬಿದೆ. ನನ್ನ ಅಕ್ಷರದ ಅಂದಕ್ಕೆ ನಾನೇ ಮರುಳಾಗಿದ್ದೆ. ಸೂಚಕನಾಗಿ ಸಿರವಾರದ ಒಬ್ಬ ಹತ್ತಿ ವ್ಯಾಪಾರಿ ಕನ್ನಡದಲ್ಲಿ ಸಹಿ ಹಾಕಿದ. ಅವನು ಅಪ್ಪನ ಹಳೆಯ ಶಿಷ್ಯ. ಅವನ ಆ ವರ್ಷದ ಹತ್ತಿಯೆಲ್ಲ ಮೆಂಬರ್ ಸಾಹೇಬರ ಜಿನ್ನಿನ ಅಂಗಳದಲ್ಲಿ ಅರೆಯದೆ ಬಿದ್ದಿದೆಯೆಂಬುದು ನಮಗೆ ತಿಳಿದದ್ದು ಆಮೇಲೆ.

ಅರ್ಜಿಗಳ ಪರಿಶೀಲನೆ ರಾಯಚೂರಿನ ಕಚೇರಿಯಲ್ಲಿ ನಡೆಯಿತು. ವ್ಯಾಪಾರಿ ನೆಲ ನೋಡುತ್ತ ಬಂದು ನಿಂತ.

"ಈ ಸಹಿ ನಂದಲ್ರೀ ಸಾಹೇಬ್ರ. ನಾ ಆ ದಿನ ಊರಾಗ ಇದ್ದಿಲ್ಲ."

"ಅಲ್ಲೋ ಮಾರಾಯಾ," ಅಪ್ಪ ಮುಂದೆ ಬಂದರು. "ನಿನ್ನ ಅಂಗಡಿ ಗಾದಿ ಮ್ಯಾಲ ಕೂತು ಮಾಡಿದೆಲ್ಲೋ! ಈ ‘ಶ’ದ ಬಾಲಾ ಹಿಂಗ ಎಳಿಯೋದು ನಿನಗ ನಾನೇ ಕಲಿಸೀನಿ. ಬೆರಳಿಗೆ ಹೊಡದು ಕಲಿಸೀನಿ!"

ಇದು ಶಾಲೆಯಲ್ಲ, ಕಚೇರಿ ಎಂದು ಅಧಿಕಾರಿ ಉರ್ದುವಿನಲ್ಲಿ ಗದರಿದರು. ಸಹಿಯನ್ನು ಬೇರೆ ಸಹಿಯೊಡನೆ ಹೋಲಿಸಿ ನೋಡಿರೆಂದು ನಾನು ಬೇಡಿದೆ. ಅವರು ಕಾಗದವನ್ನು ಮಡಿಚಿ ಪಕ್ಕಕ್ಕಿಟ್ಟರು. ಅರ್ಜಿ ರದ್ದು. ಉಳಿದವರು ಒಬ್ಬರೇ ಆದ್ದರಿಂದ ಮೆಂಬರ್ ಸಾಹೇಬರು "ಬಿಲಾ ಮುಕಾಬಲಾ" ಆರಿಸಿಬಂದರೆಂದು ಅಲ್ಲಿಯೇ ಸಾರಿದರು.

"ಏನಂದ್ರೋ?" ಎಂದು ಅಪ್ಪ ನನ್ನನ್ನು ಕೇಳಿದರು.

"ಎದುರಾಳಿ ಇಲ್ದ ಆರಿಸಿ ಬಂದ್ರಂತ, ಅಪ್ಪಾ."

ಅಪ್ಪ ಮೇಜಿನ ಮೇಲೆ ಮಡಿಚಿಟ್ಟಿದ್ದ ಅರ್ಜಿಯತ್ತ ಕೈ ತೋರಿಸಿದರು. "ಹಂಗಾದ್ರ ಇಲ್ಲಿ ನಿಂತಾಂವ ನಾ ಯಾರೋ?"

ಅಧಿಕಾರಿ ಮುಂದಿನ ಕಾಗದ ಕೈಗೆತ್ತಿಕೊಂಡರು. ಅಪ್ಪ ಅಂದಿನಿಂದ ಯಾರಿಗೂ ಅರ್ಜಿ ಬರೆದುಕೊಡಲಿಲ್ಲ.

ಹಳ್ಳಿಗಳಲ್ಲಿ ಡಂಗುರ ಹೊಡೆಸಿದರು. ಹೊಡೆದವನು ಅದೇ ಕೇರಿಯವನು. ಕಾರಕೂನ ಹೇಳಿಕೊಟ್ಟ ಮಾತನ್ನು ಅರ್ಥ ತಿಳಿಯದೆ ಓಣಿಯೋಣಿಯಲ್ಲಿ ಕೂಗಿದ: "ನಮ್ಮ ಮೆಂಬರ್ ಸಾಹೇಬ್ರು ಬಿಲಾಮುಕಾಬಲಾ ಆಗ್ಯಾರ್ರೀಯಪ್ಪೋ!" ಜನ ಅದನ್ನು ಒಂದು ಪದವಿಯೆಂದು ತಿಳಿದರು. ಆ ವಾರ ಮುದುಕಿಗೆ ಸುದ್ದಿ ಹೇಳಲು ಹೋಗಿದ್ದ ನಾನು ಕಟ್ಟೆಯ ಮೇಲಿನ ಮಾತನ್ನು ಕಿವಿಯಾರೆ ಕೇಳಿದೆ.

"ತಹಸೀಲ್ದಾರಗಿಂತ ದೊಡ್ಡದೇನಲೇ ಅದು?"

"ದೊಡ್ಡದೇ ಇರಬೇಕು ತಗೋ. ಹೆಸರು ನೋಡು, ಹೇಳಿ ಮುಗಿಸೂದ್ರಾಗ ಬೀಡಿ ಆರ್ತದ."

ಒಬ್ಬ ರೈತ ತನ್ನ ಎತ್ತಿಗೆ ಅದೇ ಹೆಸರಿಟ್ಟ. ಯಾಕೆಂದು ಕೇಳಿದರೆ, "ಮೇವಿನ ಗ್ವಾದ್ಲಿ ಹತ್ರ ಬ್ಯಾರೆ ಎತ್ತಿಗೆ ಬರಗೊಡಂಗಿಲ್ರೀ, ಹೊಲದಾಗ ಒಂದ್ ಸಾಲೂ ಎಳಿಯಂಗಿಲ್ಲ" ಎಂದ. ಆ ಪದಕ್ಕೆ ಇದಕ್ಕಿಂತ ಸರಿಯಾದ ವಿವರಣೆಯನ್ನು ನನ್ನ ಪ್ರಾಧ್ಯಾಪಕರು ಸಹ ಕೊಡಲಾರರು.

ಪದವಿಯೆಂಬ ಜನರ ತಪ್ಪು ತಿಳಿವಳಿಕೆಯನ್ನು ಮೆಂಬರ್ ಸಾಹೇಬರು ತಿದ್ದಲಿಲ್ಲ. ಮನೆಯ ಬಾಗಿಲ ಫಲಕದಲ್ಲಿ ಹೆಸರಿನ ಕೆಳಗೆ ಅದನ್ನು ಬರೆಸಿದರು. ಬಳಿಕ ಕೇರಿಗೂ ದಯಮಾಡಿಸಿದರು. ಹಾರ, ಚಹಾ, ಬಾವಿ ತೋಡಿಸುವೆನೆಂಬ ಭಾಷಣ ಎಲ್ಲವೂ ಆದವು. ಬಾವಿ ಬರಲಿರುವ ಜಾಗದಲ್ಲಿ ಒಂದು ಶಹಾಬಾದಿ ಕಲ್ಲು ನೆಟ್ಟರು. ಅದರ ಮೇಲೆ ಉರ್ದುವಿನಲ್ಲಿ ಅವರ ಹೆಸರು, ಹೆಸರಿನ ಮುಂದೆ ಆ "ಪದವಿ", ಕೆಳಗೆ ಸಣ್ಣ ಅಕ್ಷರದಲ್ಲಿ "ಬಾವಿ". ಕಲ್ಲು ಮೊದಲು, ನೀರು ಆಮೇಲೆ ಎಂಬುದು ಅವರ ಕೆಲಸದ ಕ್ರಮ.

ಒಂದು ಮಳೆಗಾಲ ಕಳೆದರೂ ಗುದ್ದಲಿ ಬೀಳಲಿಲ್ಲ. ನಾನು ರಾಯಚೂರಿನ ಅವರ ಜಿನ್ನಿಗೆ ಹೋಗಿ ಕೇಳಿದೆ. ಗಾದಿಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು.

"ಬರ್ರಿ ಬರ್ರಿ, ಮಾಸ್ತರ್ ಮಗಾ. ಚಾ ತಗೋರಿ. ಆ ಬಾವಿಗೆ ಯಾರರ ವಿರೋಧ ಮಾಡ್ಯಾರೇನು?"

"ಯಾರೂ ಮಾಡಿಲ್ರಿ."

"ಮತ್ತ? ವಿರೋಧ ಇಲ್ಲಂದ್ರ ಆದಂಗೇ ತಿಳ್ಕೊಳ್ರಿ. ನಾ ಆಗಿಲ್ಲೇನು ಹಂಗ?"

ಸುತ್ತ ಕುಳಿತವರು ನಕ್ಕರು. ನಾನು ಚಹಾ ಮುಟ್ಟದೆ ಎದ್ದು ಬಂದೆ.

ನಿಜಾಂ ಸರ್ಕಾರ ಹೋಯಿತು. ಮೆಂಬರ್ ಸಾಹೇಬರು ಕೆಲವು ದಿನ ಕಾಣಲಿಲ್ಲ. ಕಂಡಾಗ ತಲೆಯ ಮೇಲೆ ಬಿಳಿ ಟೋಪಿ ಇತ್ತು. ತಾವು ಒಳಗಿಂದೊಳಗೇ ಹೋರಾಡಿದವರೆಂದು ಮಾನ್ವಿಯ ಸಭೆಯಲ್ಲಿ ಹೇಳಿದರು. ಎಷ್ಟು ಒಳಗೆಂದರೆ, ಅದು ಅವರ ಮನೆಯವರಿಗೂ ತಿಳಿದಿರಲಿಲ್ಲ. ಹೊಸ ಅಧಿಕಾರಿಗಳು ಹೆಚ್ಚು ವಿಚಾರಿಸದೆ ಅವರನ್ನೇ ಮುಂದುವರಿಸಿದರು. ಉರ್ದುವಿನ ಕಲ್ಲು ಈಗ ಮುಜುಗರದ ವಸ್ತು. ಅದನ್ನು ಕಿತ್ತು, ತಿರುವಿ, ಹಿಂಬದಿಗೆ ಕನ್ನಡ ಕೆತ್ತಿಸಿ ಅದೇ ಕುಳಿಯಲ್ಲಿ ನಿಲ್ಲಿಸಿದರು.

ಹೋದ ತಿಂಗಳು ನಾನು ಅಲ್ಲಿಗೆ ಹೋಗಿದ್ದೆ. ಮುದುಕಿ ಕೋಲೂರಿ ಕಲ್ಲಿನ ತನಕ ಬಂದಳು. ಸೊಸೆ ಆಗ ತಾನೇ ಹಳ್ಳದಿಂದ ಕೊಡ ಹೊತ್ತು ಬಂದಿದ್ದಳು.

"ಹೊಸಾದು ಬರ್ದಾರಂತ. ಓದಿ ಹೇಳ್ರೀ ಯಪ್ಪಾ."

ಓದಿದೆ. ಉರ್ದುವನ್ನು ಕನ್ನಡಕ್ಕೆ ತಿರುಗಿಸಿದ ಕಾರಕೂನ "ಬಿಲಾ ಮುಕಾಬಲಾ"ವನ್ನು "ಸಾಟಿಯಿಲ್ಲದ" ಎಂದು ಮಾಡಿದ್ದ. ಎದುರಾಳಿಯನ್ನು ಕಚೇರಿಯಲ್ಲಿ ಒರೆಸಿ ಹಾಕಿದ ಮನುಷ್ಯ ಕಲ್ಲಿನ ಮೇಲೆ ಸರಿಸಮಾನರೇ ಇಲ್ಲದ ಮಹಾಪುರುಷನಾಗಿದ್ದ. ಕೆತ್ತುವವನಿಗೆ ಜಾಗ ಸಾಲದೆ "ಬಾವಿ" ಎಂಬ ಪದ ಬಿಟ್ಟುಹೋಗಿತ್ತು.

"ಸಾಟಿಯಿಲ್ಲದ ಸದಸ್ಯರು ಅಂತ ಬರ್ದಾರ, ಯವ್ವಾ."

"ಬಾವಿ ಸುದ್ದಿ?"

"ಇಲ್ಲ."

"ಮದಲಿನ ಕಲ್ಲಿನಾಗರ ಇತ್ತಲ್ರೀ!" ಎಂದು ಆಕೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ಸೊಸೆಯ ಕೊಡ ತೋರಿಸಿದಳು. "ಬ್ಯಾಸಗಿ ಬಂತು. ಕಿರೇದಕ್ಕ ಈಗ ಹೊಟ್ಟಿ ಹಿಡ್ಕೊಂಡದ. ಮಗನ್ನ ಮಣ್ಣು ಮಾಡಿದ ಕೈಲೆ ಮೊಮ್ಮಗನ್ನೂ ಮಾಡ್ಲೇನು?"

ಈಗ ಅದೇ ಸ್ಥಾನಕ್ಕೆ ಮತ್ತೆ ಉಮೇದುವಾರಿ ಅರ್ಜಿಗಳನ್ನು ಕರೆಯುತ್ತಾರೆಂಬ ಸುದ್ದಿಯಿದೆ. ಮೆಂಬರ್ ಸಾಹೇಬರ ಜಿನ್ನಿನ ಅಂಗಳದಲ್ಲಿ ಈ ವರ್ಷ ಯಾರ ಯಾರ ಹತ್ತಿ ಬಿದ್ದಿದೆಯೆಂಬುದನ್ನು ನೋಡಿದರೆ, ಯಾರ್ಯಾರು ಎದುರು ನಿಲ್ಲುವುದಿಲ್ಲವೆಂದು ನಾನು ಈಗಲೇ ಹೇಳಬಲ್ಲೆ.

ಆದ್ದರಿಂದ ಜಿಲ್ಲೆಯ ಆಡಳಿತವನ್ನು ವಹಿಸಿಕೊಂಡಿರುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಹೀಗಿದೆ. ಆ ಕೇರಿಯ ಬಾವಿ ಮಂಜೂರಾಗಿತ್ತೇ, ಆಗಿದ್ದರೆ ಏಕೆ ತೋಡಲಿಲ್ಲ ಎಂಬುದಕ್ಕೆ ಕನ್ನಡದಲ್ಲಿ ಲಿಖಿತ ಉತ್ತರ ಕೊಡಬೇಕು. ಆ ಉತ್ತರವನ್ನು ಕೇರಿಯಲ್ಲಿ, ಆ ಮುದುಕಿಯ ಎದುರಿಗೆ ಓದಿಸಬೇಕು. ನನ್ನ ತಂದೆಯ ರದ್ದಾದ ಅರ್ಜಿಯನ್ನು ದಫ್ತರದಿಂದ ತೆಗೆಸಿ ಸೂಚಕನ ಸಹಿಯನ್ನು ಬಹಿರಂಗವಾಗಿ ಪರೀಕ್ಷಿಸಬೇಕು. ಮುಂದಿನ ಮತದಾರರ ಪಟ್ಟಿಯಲ್ಲಿ ಕೇರಿಯ ವಯಸ್ಕರೆಲ್ಲರ ಹೆಸರು ಇರಬೇಕು. ಆದರೆ ಬಾವಿಯ ಕೆಲಸ ಪಟ್ಟಿಗಾಗಲಿ, ಚುನಾವಣೆಗಾಗಲಿ, ನನ್ನ ಈ ಬರಹದ ವಿಚಾರಣೆಗಾಗಲಿ ಕಾಯತಕ್ಕದ್ದಲ್ಲ. ಹಳ್ಳದ ಒರತೆ ಬತ್ತಿ ಕೆಸರಾಗುವ ಮೊದಲು ಅಗೆತ ಆರಂಭವಾಗಬೇಕು, ಮತ್ತು ಆರಂಭದ ದಿನವನ್ನು ನಮಗೆ ತಿಳಿಸಬೇಕು ಎಂದು ಕೋರುತ್ತೇನೆ.