ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ

ಶಿರಗುಪ್ಪಿಯ ಮೈಬೂಬನಿಗೆ ಮಾತು ಕೇಳಿಸುವುದಿಲ್ಲ, ಸೌಂಡ್ ಮಾತ್ರ ಕೇಳಿಸುತ್ತದೆ. ಕಿವುಡನೇನಲ್ಲ, ಅದು ಕಸುಬಿನ ಸೊಕ್ಕು. ಮೈಕು, ಭೋಂಗಾ ಸ್ಪೀಕರು ಬಾಡಿಗೆ ಕೊಟ್ಟೇ ತಲೆ ನರೆಸಿಕೊಂಡವನು. ಒಂದು ಮದುವೆಯಲ್ಲಿ ಬೀಗರು ಮೈಕಿನ ಮುಂದೆಯೇ ಬೈದಾಡಿಕೊಂಡಾಗ, ಟ್ರೆಬಲ್ ಹೆಚ್ಚಾಯಿತೆಂದು ಗುಂಡಿ ತಿರುವುತ್ತ ಕೂತಿದ್ದನಂತೆ ಈ ಮಹಾಶಯ.

ಇಂಥವನಿಗೂ ಒಂದು ಚಿಂತೆ ಇತ್ತು. ಊರ ಹೊರಗೆ ಅವನದೊಂದು ಎಕರೆ ಕಬ್ಬು. ಹೋದ ವರ್ಷ ಕಬ್ಬು ಕಡಿಯುವ ಟೋಳಿ ಎಲ್ಲರ ಹೊಲ ಮುಗಿಸಿ ಇವನಲ್ಲಿಗೆ ಬರುವಷ್ಟರಲ್ಲಿ ಬೆಳೆ ಹೂವಿನ ತುರಾಯಿ ಬಿಟ್ಟು ಬೆಂಡಾಗಿ ಹೋಗಿತ್ತು. ಈ ಸಲವೂ ಹಾಗಾದರೆ ಸ್ಪೀಕರಿನ ಡಬ್ಬಿಗಳನ್ನೇ ಒಲೆಗೆ ಹಾಕುತ್ತೇನೆಂದು ಹೆಂಡತಿ ಮೆಹರುಬಿ ಹೇಳಿಬಿಟ್ಟಿದ್ದಳು. ಅವಳು ಹೇಳಿದ್ದನ್ನು ಮಾಡುವ ಪೈಕಿ.

ಟೋಳಿ ಮೊದಲು ಯಾರ ಹೊಲಕ್ಕೆ ಹೋಗಬೇಕೆಂದು ಹೇಳುವವನು ಕಬ್ಬು ಬೆಳೆಗಾರರ ಸಂಘದ ಅಧ್ಯಕ್ಷ. ಆ ಕುರ್ಚಿಯ ಚುನಾವಣೆಗೆ ಈಗ ನಿಂತವನು ಸಾಹುಕಾರ ಧರೆಪ್ಪ, ಕಬ್ಬು, ದ್ರಾಕ್ಷಿ ಎರಡರ ಒಡೆಯ. ಯಾರ ಮುಂದೆ ಕೂತರೂ ಅವರ ಮಾತಿಗೆ ಹೌದೆನ್ನುವ ಚಾಳಿಯವನು. ಆತ ಮೈಬೂಬನ ಮನೆಗೇ ಬಂದು ಚಹಾ ಕುಡಿದ, ಹರಕುಮುರುಕು ಉರ್ದುವಿನಲ್ಲಿ ಮೊದಲ ಟೋಳಿ ನಿನ್ನ ಹೊಲಕ್ಕೇ ಎಂದ. ಮೈಬೂಬ ಕರಗಿ ನೀರಾದ. ಪ್ರಚಾರದ ಭಾಷಣಕ್ಕೆ ಬಾಡಿಗೆಯೂ ಬೇಡವೆಂದ.

ಭಾಷಣ ಎರಡು ರೆಕಾರ್ಡಾದವು, ಕನ್ನಡದವರ ಓಣಿಗೆ ಕನ್ನಡದ್ದು, ಮರಾಠಿಯವರ ಓಣಿಗೆ ಮರಾಠಿಯದ್ದು. ಪ್ರಚಾರದ ಆಟೋದ ಭೀಮಸಿ, ನೆತ್ತಿಯ ಮೇಲೇ ಭೋಂಗಾ ಒದರುತ್ತದೆಂದು ಕಿವಿಗೆ ಹತ್ತಿ ತುರುಕಿಕೊಂಡು ಓಡಿಸುವವನು, ಮೊದಲ ದಿನವೇ ಕನ್ನಡದ ಓಣಿಯಲ್ಲಿ ಮರಾಠಿ ಫೈಲು ಹಚ್ಚಿಬಿಟ್ಟ. ಆಗ ಮೈಬೂಬನ ತಲೆ ಓಡಿತು. ಸ್ಟೀರಿಯೊ ಫೈಲೆಂದರೆ ಒಂದರೊಳಗೆ ಎರಡು ದಾರಿ, ಎಡಕ್ಕೊಂದು, ಬಲಕ್ಕೊಂದು. ಎಡಕ್ಕೆ ಕನ್ನಡ ತುಂಬಿದ, ಬಲಕ್ಕೆ ಮರಾಠಿ. ಆಟೋದ ಆಂಪ್ಲಿಫೈಯರಿನ ಗುಂಡಿಯನ್ನು ಓಣಿ ನೋಡಿ ಅತ್ತ ಇಲ್ಲವೇ ಇತ್ತ ತಿರುವಿದರಾಯಿತು. ಒಂದನ್ನು ಮೊಬೈಲಿನಲ್ಲಿ, ಇನ್ನೊಂದನ್ನು ಲ್ಯಾಪ್‌ಟಾಪಿನಲ್ಲಿ ಹಿಡಿದಿದ್ದರಿಂದ ಎರಡರ ವೇಗ ಹೊಂದದೆ ಮರಾಠಿಯ ಧರೆಪ್ಪ ಕೀಚಲು ದನಿಯಲ್ಲಿ ಓಡತೊಡಗಿದ್ದ. ಆ ವೇಗವನ್ನೂ ಹೊಂದಿಸಿ ಸರಿಮಾಡಿದ. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದ. ಕೇಳಿದ್ದು ಸೌಂಡನ್ನು.

ಕಡೆಯ ಸಭೆ ಊರ ನಡುವಿನ ಕಟ್ಟೆಯಲ್ಲಿ. ಎರಡೂ ಓಣಿಯ ಜನ ಸೇರಿದ್ದರು. ಮೊದಲು ರೆಕಾರ್ಡು, ಆಮೇಲೆ ಧರೆಪ್ಪನ ನಾಲ್ಕು ಮಾತು ಎಂದಿತ್ತು. ಕನ್ನಡ ಎಲ್ಲರಿಗೂ ಬರುತ್ತದಲ್ಲ, ಅದನ್ನಷ್ಟೇ ಹಚ್ಚೋಣವೆಂದು ಮೈಬೂಬ ಯಾರನ್ನೂ ಕೇಳದೆ ಲ್ಯಾಪ್‌ಟಾಪಿನ ಎಡದ ದಾರಿಯನ್ನೇ ಒಂದೇ ಒಂದು ಭೋಂಗಾಕ್ಕೆ ಜೋಡಿಸಿದ. ಆದರೆ ಹಿಂದೊಮ್ಮೆ ಹಾಡು ಹಚ್ಚಲು ಹೀಗೇ ಜೋಡಿಸಿದಾಗ ಬಲಕ್ಕಿದ್ದ ಗಾಯಕಿಯ ದನಿ ನುಂಗಿಹೋಗಿ, ಎಡ ಬಲ ಎರಡನ್ನೂ ಕಲಸಿ ಒಂದೇ ಮಾಡಿ ಕೊಡುವಂತೆ ಆ ಯಂತ್ರಕ್ಕೆ ಕಾಯಂ ಹುಕುಂ ಕೊಟ್ಟವನು ತಾನೇ ಎಂಬುದನ್ನು ಮರೆತಿದ್ದ. ಯಂತ್ರ ಮರೆತಿರಲಿಲ್ಲ. ಇಬ್ಬರು ಧರೆಪ್ಪರು ಏಕಕಾಲಕ್ಕೆ ಒದರತೊಡಗಿದರು.

ಬೇರೆ ಸೀಮೆಯಾಗಿದ್ದರೆ ಗದ್ದಲವೆಂದು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇವರು ಅವ್ವನ ಕೂಡ ಕನ್ನಡದಲ್ಲಿ, ಅತ್ತೆಯ ಕೂಡ ಮರಾಠಿಯಲ್ಲಿ ಒಂದೇ ಉಸಿರಿಗೆ ಜಗಳ ತೆಗೆಯುವ ಜನ. ಎರಡೂ ಸ್ಪಷ್ಟ ತಿಳಿದವು. ಮೊದಲ ಟೋಳಿ ನಿಮ್ಮ ಓಣಿಯವರ ಹೊಲಕ್ಕೇ, ಆ ಓಣಿಯವರು ಆಮೇಲೆ ಎಂದು ಕನ್ನಡದ ಧರೆಪ್ಪ ಕನ್ನಡದವರಿಗೆ ಆಣೆ ಮಾಡುತ್ತಿದ್ದ, ಮರಾಠಿಯ ಧರೆಪ್ಪ ಮರಾಠಿಯವರಿಗೆ.

ಮುಂದಿನ ಸಾಲಿನಿಂದ ಕಬ್ಬಿನ ಹೊಲದ ಸುಂದ್ರವ್ವ ಎದ್ದಳು. "ಸಾಹುಕಾರ್ರ, ಎರಡೂ ಕೇಳಿಸ್ತು. ಟೋಳಿ ಖರೇನ ಯಾರ ಹೊಲಕ್ಕ ಬರತೈತ್ರಿ?"

ಧರೆಪ್ಪ ಬೆವರು ಒರೆಸಿಕೊಂಡು, ಮೈಬೂಬನ ಮಿಷಿನ್ ಕೆಟ್ಟಿದೆ, ತಾನು ಹೇಳದ್ದನ್ನೆಲ್ಲ ಸೇರಿಸಿ ಒದರುತ್ತಿದೆ ಎಂದ. ಆಮೇಲೆ ಬಗ್ಗಿ, ಮೈಬೂಬನಿಗಷ್ಟೇ ಕೇಳುವಂತೆ, ನಿನ್ನ ಕಬ್ಬಿನ ನೆನಪಿರಲಿ, ಹೌದೆಂದುಬಿಡು ಎಂದ.

ಮೈಬೂಬನಿಗೆ ಮೈಯೆಲ್ಲ ಉರಿಯಿತು. ಅವನ ಮಿಷಿನ್ ಕೆಟ್ಟಿದೆ ಎಂದವರು ಈವರೆಗೆ ಇರಲಿಲ್ಲ. ಕಲಸುವ ಹುಕುಂ ತೆಗೆದು, ಸಾಬೀತು ಮಾಡಲೆಂದೇ ಎಡವನ್ನು ಮಾತ್ರ ಹಚ್ಚಿದ, ಆಮೇಲೆ ಬಲವನ್ನು. ಎರಡೂ ಚೊಕ್ಕ, ಗಂಟೆ ಬಾರಿಸಿದಷ್ಟು. ಜನರ ಜೊತೆ ತಾನೂ ಕೇಳಿದ. ಜನ್ಮದಲ್ಲಿ ಮೊದಲ ಸಲ ಸೌಂಡು ಬಿಟ್ಟು ಮಾತು ಕೇಳಿದ. ಮೊದಲ ಟೋಳಿ ಎಡಕ್ಕೂ ಇತ್ತು, ಬಲಕ್ಕೂ ಇತ್ತು. ಮೆಹರುಬಿಯ ಮುಖ ಕಣ್ಣಮುಂದೆ ಬಂತು.

ಧರೆಪ್ಪ ಇನ್ನೂ ಕಣ್ಸನ್ನೆ ಮಾಡುತ್ತಲೇ ಇದ್ದ. ಮೈಬೂಬ ಮೈಕು ಕೈಗೆ ತೆಗೆದುಕೊಂಡ.

"ಮಿಷಿನ್ ಬರೋಬ್ಬರಿ ಐತ್ರಿ. ಇದರಾಗ ಇರೋದ ಎರಡ ಜಾಗಾ. ಸಾಹುಕಾರ್ರು ನನಗ ಉರ್ದುದಾಗ ಕೊಟ್ಟ ಮೊದಲ ಟೋಳಿ ಇದರಾಗ ಹಿಡಸಲಿಲ್ರಿ."