ನಮ್ಮಾಕೆಯ ಗಲ್ಲದ ಗುಳಿ ಕದ್ದವನು

ಗೆಳೆಯರೇ, ನನ್ನ ಹೆಂಡತಿ ನಕ್ಕರೆ ಎಡಗಲ್ಲದಲ್ಲಿ ಗುಳಿ ಬೀಳುತ್ತಿತ್ತು ಎಂದು ಮೊನ್ನೆ ಇಲ್ಲಿ ಬರೆದಿದ್ದೆನಲ್ಲ, ಅದನ್ನು ಮೊರಬದ ಬಸಣ್ಣ ಇಡಿಯಾಗಿ ಎತ್ತಿ, 'ನನ್ನ ಮಡದಿ' ಎಂದು ತನ್ನ ಹೆಸರಲ್ಲಿ ಹಾಕಿಕೊಂಡಿದ್ದಾನೆ. ಅವಳು ತೀರಿಹೋದಳು ಎನ್ನುವ ಕೊನೆಯ ಸಾಲನ್ನಷ್ಟೇ ಕೈಬಿಟ್ಟಿದ್ದಾನೆ. ಅಷ್ಟು ಎಡಿಟಿಂಗ್ ಅವನಿಗೂ ಬರುತ್ತದೆ.

ಇವತ್ತು ಬೆಳಿಗ್ಗೆ ಜಗಳಕ್ಕೆಂದೇ ಫೋನ್ ಹಿಡಿದೆ. ಕಾಲೇಜಿನಲ್ಲಿ ಕಲಿತದ್ದು, 'ದಿ ಆಥರ್ ಈಸ್ ದಿ ಸೋಲ್ ಓನರ್ ಆಫ್' ಏನೋ ಇತ್ತು, ಬರೆದದ್ದಕ್ಕೆ ಬರೆದವನೊಬ್ಬನೇ ಒಡೆಯ ಎಂಬರ್ಥದ್ದು. ಅದು ನೆನಪಾಗುವ ಮೊದಲೇ ಅವನ ಫೋನ್ ಬಂತು.

"ಕಾಕಾ, ಅದು ನೀವ ಬರದಿದ್ದು ಅಂತ ನಮ್ಮಾಕಿಗೆ ಒಂದ್ ಮಾತ ಹೇಳ್ರಿ."

ಹಿಂದಿನಿಂದ ಅವನನ್ನು ಜಬರಿಸುವ ಹೆಂಡತಿ ಗಿರಿಜಾಳ ದನಿ: "ನನ್ನ ಗಲ್ಲದಾಗ ಯಾವ ಗುಳಿನೂ ಇಲ್ಲ. ಯಾರನ್ನ ನೋಡಿ ಬರದೀರಿ, ಮೊದಲ ಅದನ್ನ ಹೇಳ್ರಿ."

ಸಾಕ್ಷಿಗೆಂದು ನಮ್ಮಾಕೆಯ ಫೋಟೋ ಕಳಿಸಿದೆ. "ಖರೇನ ಗುಳಿ ಐತ್ರಿ ಕಾಕಾ. ಕಾಕು ಎಷ್ಟ್ ಚಂದ ನಗತಾರ್ರಿ" ಎಂದಳು ಗಿರಿಜಾ. ನಗುತ್ತಿದ್ದರು ಎನ್ನಲಿಲ್ಲ, ನಗುತ್ತಾರೆ ಎಂದಳು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಬಸಣ್ಣ ಕೂಡಲೇ ಆ ಪೋಸ್ಟಿಗೆ ನನ್ನ ಹೆಸರು ಹಾಕಿದ. ಕೆಳಗೆ ಗಿರಿಜಾಳ ಕಾಮೆಂಟ್: "ಗುಳಿ ಇಲ್ಲದವರ ಬಗ್ಗೆನೂ ಯಾರರ ಬರೀರಿ."

ಮತ್ತೆ ಅವನ ಫೋನ್. "ಕಾಕಾ, ಗಿರಿಜಾನ ಮ್ಯಾಲ ನಾಕ ಸಾಲ ನೀವ ಬರದ ಕೊಡ್ರಿ."

"ನಾ ಏನ್ ಬರೀಲೋ? ಎದರಿಗೆ ಕುಂತು, ನೋಡಿ ಬರಿ."

ಎರಡು ತಾಸಿನ ಮೇಲೆ ಒಂದು ಸಾಲು ಹಾಕಿದ್ದಾನೆ: "ಗಿರಿಜಾ ಇನ್ನೂ ನಕ್ಕಿಲ್ಲ."

ಇದು ಮಾತ್ರ ಪೂರ್ತಿ ಒರಿಜಿನಲ್. ಲೈಕ್ ಒತ್ತಿದೆ.